ಖಗ್ರಾಸಗ್ರಹಣವನ್ನು ನೋಡಲು ಹಳ್ಳಿಗೆ ಪ್ರಯಾಣ

ಪಂಚಾಂಗವನ್ನು ತಿರುವಿಹಾಕುವ ಅಭ್ಯಾಸವುಳ್ಳವರಿಗೆ ಸೂರ್ಯಗ್ರಹಣವೆಂಬುದು ಅಪೂರ್ವವಾದ ಸಂಗತಿಯಲ್ಲ. ವರ್ಷಕ್ಕೆ ಎರಡಾದರೂ ಭೂಮಿಯ ಯಾವುದಾದರೊಂದು ಭಾಗದಲ್ಲಿ ಆಗಿಯೇ ಆಗುತ್ತವೆ. ಆದರೆ ಸೂರ್ಯಬಿಂಬವು ಪೂರ್ತಿಯಾಗಿ ಮುಚ್ಚಿಹೋಗುವ ಖಗ್ರಾಸಗ್ರಹಣವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಇದ್ದ ಊರಿನಲ್ಲಿಯೇ ಕುಳಿತು ಕಾಯುವುದಾದರೆ, ಒಂದೊಂದು ಸ್ಥಳಕ್ಕೂ ಅದು ಸರಾಸರಿಯಲ್ಲಿ ಸುಮಾರು ೩೭೫ ವರ್ಷಗಳಿಗೊಮ್ಮೆ ಬರುತ್ತದೆಂದು ಬಲ್ಲವರು ಲೆಕ್ಕಹಾಕಿದ್ದಾರೆ. ಮನುಷ್ಯನ ಆಯುಸ್ಸು ಅಷ್ಟು ದೀರ್ಘವಾದುದಲ್ಲ. ಆದುದರಿಂದ ಗ್ರಹಣವು ನಮ್ಮ ಬಳಿಗೆ ಬರಲೆಂದು ಕಾಯದೆ ನಾವೇ ಅದರ ಬಳಿಗೆ ಹೋಗಬೇಕಾಗುತ್ತದೆ. ಚಂದ್ರನ ನೆರಳಿಗೆ ಪಟ್ಟಣಗಳ ಮೇಲೆ ವಿಶೇಷವಾದ ಪ್ರೀತಿಯಿಲ್ಲ. ಸಮುದ್ರ, ಮರಳುಗಾಡು, ಹೊಲಗದ್ದೆಗಳ ಮೇಲೆ ಅದು ಹಾಯ್ದುಹೋಗುವುದೇ ಹೆಚ್ಚು. ಹೀಗಾಗಿ ಗ್ರಹಣವನ್ನು ಅರಸಿ ಹೊರಟವನು ಅನೇಕವೇಳೆ ಎಂದೂ ಹೆಸರು ಕೇಳದ ಒಂದು ಹಳ್ಳಿಯಲ್ಲಿ ಇಳಿಯುತ್ತಾನೆ. ಆ ಹಳ್ಳಿಯನ್ನು ಆರಿಸುವುದು ಹೇಗೆ ಎಂಬುದೇ ಈ ಹೊತ್ತಿನ ನಮ್ಮ ವಿಷಯ.

ಈ ವಿಷಯದಲ್ಲಿ ನಮಗೆ ಆಸಕ್ತಿ ಹುಟ್ಟಿದುದು ಪುಸ್ತಕಗಳಿಂದಲ್ಲ, ನಮ್ಮ ಸೋದರತ್ತೆಯವರಿಂದ. ೧೯೮೦ನೆಯ ಫೆಬ್ರವರಿ ೧೬ರಂದು ಚಂದ್ರನ ನೆರಳು ಕಾರವಾರದ ಕಡಲತೀರದಲ್ಲಿ ನೆಲಕ್ಕೆ ಹತ್ತಿ, ಧಾರವಾಡ, ರಾಯಚೂರು ಸೀಮೆಗಳನ್ನು ದಾಟಿ, ತೆಲಂಗಾಣ, ಒರಿಸ್ಸಾಗಳ ಮೇಲೆ ಹಾದು ಬಂಗಾಳಕೊಲ್ಲಿಯ ಕಡೆಗೆ ಹೋಯಿತು. ಆಗ ಅತ್ತೆಯವರಿಗೆ ಹತ್ತೊಂಬತ್ತು ವರ್ಷ. ಮದುವೆಯಾಗಿ ಸಿಂಧನೂರಿನ ಕಡೆಯ ಒಂದು ಹಳ್ಳಿಗೆ ಬಂದು ವರ್ಷ ತುಂಬಿರಲಿಲ್ಲ. ಅದೇ ತಾಲ್ಲೂಕಿನ ಜವಳಗೇರಾ ಎಂಬ ಗ್ರಾಮದಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ವಿದ್ವಾಂಸರು ಯಂತ್ರಗಳನ್ನು ಹೂಡಿಕೊಂಡು ಬೀಡುಬಿಟ್ಟಿದ್ದರು. ಅತ್ತೆಯವರಾದರೋ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಕಿಟಕಿಯ ಸಂದಿಗೆ ಕಂಬಳಿಯನ್ನು ತುರುಕಿ, ಮನೆಯವರೆಲ್ಲರೊಂದಿಗೆ ಒಳಕೋಣೆಯಲ್ಲಿ ಕುಳಿತಿದ್ದರು. ಅಂದು ದೇಶದ ಅನೇಕ ಊರುಗಳಲ್ಲಿ ಬೀದಿಗಳು ಬಿಕೋ ಎನ್ನುತ್ತಿದ್ದುವು, ಅವರೊಬ್ಬರದೇ ತಪ್ಪೆನ್ನುವಂತಿಲ್ಲ. ಮಧ್ಯಾಹ್ನ ಮೂರೂವರೆಯ ಮೇಲೆ, ಎರಡು ನಿಮಿಷಕ್ಕೂ ಮಿಕ್ಕಿ, ಜಗತ್ತಿನ ಅತ್ಯಂತ ಸುಂದರವಾದ ನೋಟವೊಂದು ಅವರ ಮಾಳಿಗೆಯ ಮೇಲೆಯೇ ನಡೆದುಹೋಯಿತು. ಕತ್ತಲಾದುದನ್ನು ಕಂಡು ಕೊಟ್ಟಿಗೆಯ ಎಮ್ಮೆ ಕೂಗಿದುದು ಮಾತ್ರ ತಮಗೆ ನೆನಪಿದೆಯೆಂದು ಅವರು ಹೇಳುತ್ತಾರೆ. ಮುಂದೆ ಮಕ್ಕಳ ಪಾಠದ ಪುಸ್ತಕದಲ್ಲಿ ಅದರ ಚಿತ್ರವನ್ನು ಕಂಡಾಗ ಅವರಿಗಾದ ವ್ಯಥೆ ಇಂದಿಗೂ ಇಳಿದಿಲ್ಲ. ಅಂದು ಕಳೆದುಕೊಂಡುದನ್ನು ಅವರಿಗೆ ಒಮ್ಮೆ ತೋರಿಸಬೇಕೆಂಬುದು ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಇರುವ ಸಾಲ.

“ಹಳ್ಳಿಗೇಕೆ ಹೋಗಬೇಕು? ನೂರಕ್ಕೆ ತೊಂಬತ್ತೊಂಬತ್ತು ಪಾಲು ಗ್ರಹಣ ನಮ್ಮ ಮಹಡಿಯ ಮೇಲಿನಿಂದಲೇ ಕಾಣುತ್ತದೆಯಲ್ಲ!” ಎಂದು ವಿದ್ಯಾವಂತರಾದ ಮಿತ್ರರೇ ನಮ್ಮನ್ನು ಕೇಳುವುದುಂಟು. ಈ ತಪ್ಪು ತಿಳಿವಳಿಕೆಯನ್ನು ಮೊದಲು ಪರಿಹರಿಸಬೇಕು. ಹುಣ್ಣಿಮೆಯ ಚಂದ್ರನ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು. ಸೂರ್ಯನಲ್ಲಿ ನೂರಕ್ಕೆ ಒಂದು ಪಾಲು ಉಳಿದಿದ್ದರೂ ಅದು ನಾಲ್ಕು ಸಾವಿರ ಹುಣ್ಣಿಮೆಗಳ ಬೆಳಕಿಗೆ ಸಮನಾಯಿತು. ಸೂರ್ಯನ ಸುತ್ತಲೂ ಮುತ್ತಿನ ಬಣ್ಣದಲ್ಲಿ ಹರಡಿರುವ ಪ್ರಭಾವಳಯದ ಕಾಂತಿಯಾದರೋ ಹೆಚ್ಚುಕಡಿಮೆ ಒಂದೇ ಒಂದು ಹುಣ್ಣಿಮೆಯಷ್ಟು. ನಾಲ್ಕು ಸಾವಿರ ದೀಪಗಳ ನಡುವೆ ಒಂದು ಹಣತೆಯನ್ನು ಹುಡುಕುವುದೆಂತು? ಆದುದರಿಂದ ತೊಂಬತ್ತೊಂಬತ್ತಕ್ಕೂ ನೂರಕ್ಕೂ ಇರುವ ಅಂತರವನ್ನು ಒಂದು ಎಂದು ಎಣಿಸಬಾರದು. ಅಂಚಿನ ಹೊರಗೆ ನಿಂತವನಿಗೆ ಬಿಸಿಲು ಮಂಕಾದಂತೆ ತೋರುತ್ತದೆ. ಒಳಗೆ ನಿಂತವನಿಗೆ ಹಗಲಿನಲ್ಲಿ ನಕ್ಷತ್ರಗಳು ಕಾಣುತ್ತವೆ.

ನಮ್ಮ ಪಂಚಾಂಗಕರ್ತರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪಾರ್ಶ್ವಗ್ರಹಣಕ್ಕೆ ಸ್ಪರ್ಶ, ಮಧ್ಯ, ಮೋಕ್ಷಗಳೆಂಬ ಮೂರೇ ಘಟ್ಟಗಳು. ಖಗ್ರಾಸಕ್ಕೆ ಇವುಗಳ ನಡುವೆ ನಿಮೀಲನ, ಉನ್ಮೀಲನ ಎಂಬ ಇನ್ನೆರಡನ್ನು ಅವರು ಸೇರಿಸುತ್ತಾರೆ. ನಿಮೀಲನವೆಂದರೆ ಕಣ್ಣು ಮುಚ್ಚುವುದು, ಉನ್ಮೀಲನವೆಂದರೆ ಕಣ್ಣು ತೆರೆಯುವುದು. ಸ್ಪರ್ಶದಿಂದ ಮೋಕ್ಷದವರೆಗೆ ಎರಡೂವರೆ ಗಂಟೆಯಾದೀತು. ಆದರೆ ನಾವು ಹಣ ತೆತ್ತು, ಮೈ ದಣಿಸಿಕೊಂಡು ಹೋಗುವುದೆಲ್ಲ ನಿಮೀಲನ ಉನ್ಮೀಲನಗಳ ನಡುವಣ ಆ ಕೆಲವು ನಿಮಿಷಗಳಿಗಾಗಿ.

ಈ ಕೆಲವು ನಿಮಿಷಗಳ ಅಳತೆಯನ್ನು ಸ್ವಲ್ಪ ವಿಚಾರಿಸೋಣ. ಸೂರ್ಯನ ವ್ಯಾಸವು ಚಂದ್ರನ ವ್ಯಾಸಕ್ಕಿಂತ ಸುಮಾರು ನಾನೂರು ಪಾಲು ದೊಡ್ಡದು. ಆತನಿರುವ ದೂರವೂ ಸುಮಾರು ನಾನೂರು ಪಾಲೇ ಹೆಚ್ಚು. ಈ ಆಕಸ್ಮಿಕದಿಂದ ಎರಡು ಬಿಂಬಗಳೂ ನಮ್ಮ ಕಣ್ಣಿಗೆ ಒಂದೇ ಗಾತ್ರವಾಗಿ ತೋರುತ್ತವೆ. ಒಂದು ಇನ್ನೊಂದನ್ನು ಮುಚ್ಚಿದರೂ ಅಂಚಿನಲ್ಲಿ ಹೆಚ್ಚು ಮಿಗುವುದಿಲ್ಲ. ಚಂದ್ರನ ನೆರಳು ಶಂಕುವಿನಂತೆ ಮೊನಚಾಗುತ್ತ ಬಂದು ಭೂಮಿಯನ್ನು ಅದರ ತುದಿಯಿಂದ ಮುಟ್ಟುತ್ತದೆ. ಆ ತುದಿ ನೆಲದ ಮೇಲೆ ಓಡುವ ದಾರಿಯ ಅಗಲ ಸಾಮಾನ್ಯವಾಗಿ ನೂರೈವತ್ತು, ನೂರಅರವತ್ತು ಮೈಲಿಯನ್ನು ಮೀರದು; ವೇಗವಾದರೋ ಗಂಟೆಗೆ ಸಾವಿರ ಮೈಲಿಗೂ ಮೇಲು. ಎಲ್ಲವೂ ಅನುಕೂಲವಾಗಿ ಕೂಡಿಬಂದರೂ ಪೂರ್ಣಗ್ರಾಸವು ಏಳೂವರೆ ನಿಮಿಷವನ್ನು ಮೀರಲಾರದು. ಸಾಮಾನ್ಯವಾಗಿ ಎರಡು ಮೂರು ನಿಮಿಷಗಳು ದೊರೆತರೆ ಸಂತೋಷಪಡಬೇಕು.

ಹೀಗಿರುವುದರಿಂದಲೇ ಹೊಸದಾಗಿ ಹೊರಟವರು ದಾರಿಯ ನಡುಗೆರೆಯ ಮೇಲೆಯೇ ನಿಲ್ಲಬೇಕೆಂದು ಹಟಹಿಡಿಯುತ್ತಾರೆ. ನಡುವೆ ಕಾಲ ದೀರ್ಘ, ಅಂಚಿನಲ್ಲಿ ಶೂನ್ಯ ಎಂಬುದೇನೋ ನಿಜ. ಆದರೆ ನಡುವಿನಿಂದ ಅಂಚಿಗೆ ಕಾಲವು ಸಮನಾಗಿ ಇಳಿಯುತ್ತ ಹೋಗುವುದಿಲ್ಲ. ನೆರಳು ವೃತ್ತಾಕಾರವಾದುದೆಂದು ತಿಳಿದು ಅದಕ್ಕೆ ಅಡ್ಡಗೆರೆಗಳನ್ನು ಎಳೆದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ನಡುಗೆರೆಯಿಂದ ಅಂಚಿನತ್ತ ಅರ್ಧ ದಾರಿ ಸರಿದರೂ ಎಳೆದ ಗೆರೆಯ ಉದ್ದ ನೂರಕ್ಕೆ ಎಂಬತ್ತಾರು ಪಾಲು ಉಳಿದಿರುತ್ತದೆ. ಮುಕ್ಕಾಲು ದಾರಿ ಸರಿದರೂ ಅರವತ್ತಾರು ಪಾಲು ಉಳಿದಿರುತ್ತದೆ. ಕೊನೆಯ ಕಾಲು ಭಾಗದಲ್ಲಿಯೇ ಅದು ಥಟ್ಟನೆ ಕುಸಿಯುವುದು. ಎಂದರೆ ನಡುವಿನಿಂದ ನಲವತ್ತು ಮೈಲಿ ಆಚೆ ಈಚೆ ಇರುವ ಹಳ್ಳಿಯೂ ನಡುವಿನ ಹಳ್ಳಿಯೂ ಹೆಚ್ಚುಕಡಿಮೆ ಒಂದೇ. ಈ ಸ್ವಾತಂತ್ರ್ಯವನ್ನು ಯಾವುದಕ್ಕೆ ಉಪಯೋಗಿಸಬೇಕು? ಆಕಾಶಕ್ಕೆ. ಮೋಡವಿಲ್ಲದ ಎರಡು ನಿಮಿಷ ಮೋಡದ ಕೆಳಗಿನ ಆರು ನಿಮಿಷಗಳಿಗಿಂತ ಮೇಲು ಎಂಬುದು ಹೇಳುವುದಕ್ಕೆ ಎಷ್ಟು ಸುಲಭ! ನಾವು ಅದನ್ನು ಕಲಿತುದು ಮಾತ್ರ ಸಾವಿರಾರು ರೂಪಾಯಿ ಕಳೆದು.

೨೦೦೯ನೆಯ ಜುಲೈ ೨೨ರ ಗ್ರಹಣವು ಈ ಶತಮಾನದ ಅತ್ಯಂತ ದೀರ್ಘವಾದ ಖಗ್ರಾಸ. ಶಾಂತಸಾಗರದ ಮೇಲೆ ಅದು ೬ ನಿಮಿಷ ೩೯ ಸೆಕೆಂಡುಗಳವರೆಗೆ ನಿಂತಿತು. ಬೆಳಗಿನ ಹೊತ್ತು ಅದು ಸೂರತ್ತಿನ ಕಡೆಯಿಂದ ನಮ್ಮ ದೇಶವನ್ನು ಹೊಕ್ಕು ಭೋಪಾಲ, ಕಾಶಿ, ಪಾಟ್ನಾಗಳ ಮೇಲೆ ಹಾದು ಈಶಾನ್ಯಕ್ಕೆ ಹೋಗುವುದಿತ್ತು. ಪಾಟ್ನಾದಿಂದ ಗಯೆಗೆ ಹೋಗುವ ರೈಲುದಾರಿಯಲ್ಲಿ ಸುಮಾರು ಇಪ್ಪತ್ತು ಮೈಲಿ ದೂರಕ್ಕೆ ತಾರೇಗನಾ ಎಂಬ ಸ್ಟೇಷನ್ನಿದೆ. ತಾರೆಗಳನ್ನು ಗಣನೆಮಾಡಿದ ಊರಾದುದರಿಂದ ಆ ಹೆಸರು ಬಂತೆಂದೂ, ಆರ್ಯಭಟನು ಅಲ್ಲಿಯೇ ನಕ್ಷತ್ರಗಳನ್ನು ನೋಡುತ್ತಿದ್ದನೆಂದೂ ಆ ಸೀಮೆಯಲ್ಲಿ ಪ್ರತೀತಿ. ಗ್ರಹಣವು ಚಂದ್ರನ ಛಾಯೆಯಿಂದ ಆಗುತ್ತದೆಂದು ಸ್ಪಷ್ಟವಾಗಿ ಬರೆದಿಟ್ಟ ಮಹಾನುಭಾವನ ಊರಿನಲ್ಲಿ ನಿಂತು ಗ್ರಹಣವನ್ನು ನೋಡುವುದೆಂದರೆ ಯಾರ ಮನಸ್ಸು ಸೋಲದು? ಕಾಶಿಗಿಂತ ಅಲ್ಲಿ ಅರ್ಧ ನಿಮಿಷದಷ್ಟು ಕಾಲವೂ ಹೆಚ್ಚು. ಈ ಎರಡು ಆಸೆಗಳಿಗೆ ಒಳಗಾಗಿ ನಾವು ಅತ್ತೆಯವರನ್ನೂ ಇಬ್ಬರು ಸಹೋದ್ಯೋಗಿಗಳನ್ನೂ ಕರೆದುಕೊಂಡು ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟೆವು. ಜುಲೈ ತಿಂಗಳೆಂದರೆ ಗಂಗೆಯ ಬಯಲಿನಲ್ಲಿ ನಡುಮಳೆಗಾಲವೆಂಬುದು ನಮಗೆ ತಿಳಿಯದೆ ಇರಲಿಲ್ಲ. ತಿಳಿದದ್ದನ್ನು ಎಣಿಕೆಗೆ ತಂದುಕೊಳ್ಳಲಿಲ್ಲ, ಅಷ್ಟೆ.

ಹಿಂದಿನ ರಾತ್ರಿ ಆ ಸಣ್ಣ ಊರಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಸಾವಿರಾರು ಜನ, ದೂರದ ದೇಶಗಳಿಂದ ಬಂದವರೂ ಇದ್ದರು. ಒಬ್ಬ ಗೃಹಸ್ಥರು ತಮ್ಮ ಮನೆಯ ಮಾಳಿಗೆಯನ್ನು ನಮಗೆ ಬಿಟ್ಟುಕೊಟ್ಟರು, ಅತ್ತೆಯವರಿಗೆ ಒಂದು ಮಂಚವನ್ನೂ ಕೊಟ್ಟರು. ನಡುರಾತ್ರಿಯಲ್ಲಿ ಒಂದೆರಡು ನಕ್ಷತ್ರಗಳು ಕಂಡು ನಮ್ಮೆಲ್ಲರಿಗೂ ಧೈರ್ಯ ಬಂದಿತು. ನಸುಕಿನಲ್ಲಿ ಪೂರ್ವದ ಅಂಚಿನಿಂದ ಮೋಡ ಏರಿತು. ಆರು ಗಂಟೆಗೆ ಆಕಾಶವೆಲ್ಲ ಬೂದಿ ಬಳಿದಂತಾಯಿತು. ಆರೂಕಾಲು ದಾಟಿದ ಮೇಲೆ ಯಾರೋ ದೊಡ್ಡ ದೀಪವೊಂದನ್ನು ಮೆಲ್ಲಮೆಲ್ಲನೆ ಇಳಿಸಿದ ಹಾಗೆ ಬೆಳಕು ಹೋಯಿತು. ಹಕ್ಕಿಗಳು ಮರಕ್ಕೆ ತಿರುಗಿದುವು. ಗಾಳಿ ತಣ್ಣಗಾಯಿತು. ಎದುರಿಗಿದ್ದವರ ಮುಖ ಕಾಣಲಿಲ್ಲ. ಮೂರೂವರೆ ನಿಮಿಷ ಕಳೆದು ಬೆಳಕು ಮತ್ತೆ ಬಂದಿತು. ಮೋಡ ಮಾತ್ರ ಕದಲಲಿಲ್ಲ. ಅತ್ತೆಯವರು ಮಂಚದ ಮೇಲೆ ಕುಳಿತುಕೊಂಡು, “ಆವತ್ತು ನಾವು ಬಾಗಿಲಾ ಹಾಕ್ಕೊಂಡು ಕುಂತಿದ್ವಿ, ಇವತ್ತು ಆ ದೇವರೇ ಬಾಗಿಲಾ ಹಾಕ್ಯಾನ ನೋಡಪಾ” ಎಂದರು. ನಾವು ಏನೂ ಹೇಳಲಾರದೆ ಹೋದೆವು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ನೂರಿಪ್ಪತ್ತೈದು ಮೈಲಿಯಲ್ಲಿರುವ ಕಾಶಿಯ ಘಾಟುಗಳ ಮೇಲೆ ನಿಂತವರಿಗೆ ಗ್ರಹಣವು ಕಂಡಿತೆಂದು ಪಾಟ್ನಾ ಸ್ಟೇಷನ್ನಿನಲ್ಲಿ ತಿಳಿಯಿತು.

ಇದು ನಮ್ಮ ದುರದೃಷ್ಟವೇ, ಅವಿವೇಕವೇ? ಬಹುಮಟ್ಟಿಗೆ ಅವಿವೇಕವೆಂದೇ ನಮ್ಮ ಈಗಿನ ಅಭಿಪ್ರಾಯ. ಕಾಶಿಯಲ್ಲಿ ಕಂಡುದು ಕಾಶಿಯವರ ಅದೃಷ್ಟವಿರಬಹುದು; ಅಲ್ಲಿಯೂ ಮಳೆಗಾಲವೇ. ಆದರೆ ನಾವು ಒಂದೇ ಊರಿಗೆ ಗೂಟ ಹೊಡೆದುಕೊಂಡು ಕುಳಿತೆವು. ವಾಹನವಿರಲಿಲ್ಲ, ಎರಡನೆಯ ಸ್ಥಳದ ಯೋಚನೆಯಿರಲಿಲ್ಲ, ಹಿಂದಿನ ಸಂಜೆ ಹವಾಮಾನದ ಚಿತ್ರವನ್ನು ನೋಡಿ ಹೊರಡುವ ಸಿದ್ಧತೆಯಿರಲಿಲ್ಲ. ಊರಿನ ಹೆಸರಿಗೆ ಮರುಳಾದುದೊಂದು ದೋಷ, ಅರ್ಧ ನಿಮಿಷಕ್ಕೆ ಆಸೆಪಟ್ಟುದು ಇನ್ನೊಂದು.

ಇಂತಹ ನಿರಾಶೆಯನ್ನು ನಮಗಿಂತ ದೊಡ್ಡವರು ಉಂಡಿದ್ದಾರೆಂಬುದೊಂದು ಸಮಾಧಾನ. ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಜಾನ್ಸೆನ್ ಮಹಾಶಯನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅದರ ಕೊನೆಯ ಭಾಗ ನಮ್ಮ ನೆರೆಯಲ್ಲಿಯೇ ನಡೆಯಿತು. ೧೮೬೮ನೆಯ ಆಗಸ್ಟ್ ೧೮ರಂದು ಈತನು ಗುಂಟೂರಿನಲ್ಲಿ ಖಗ್ರಾಸವನ್ನು ನೋಡಿ, ಸೂರ್ಯನ ಅಂಚಿನಿಂದ ಏಳುವ ಕೆಂಪು ಜ್ವಾಲೆಗಳು ಉರಿಯುವ ಅನಿಲದಿಂದ ಆದುವೆಂದು ವರ್ಣಪಟಲದರ್ಶಕದ ಮೂಲಕ ಕಂಡುಕೊಂಡನು. ಅವುಗಳ ಗೆರೆಗಳು ಎಷ್ಟು ಪ್ರಖರವಾಗಿದ್ದುವೆಂದರೆ, ಗ್ರಹಣವಿಲ್ಲದಿದ್ದರೂ ಇವನ್ನು ನೋಡಬಹುದೆಂದು ಅವನಿಗೆ ಹೊಳೆದು, ಮರುದಿನವೇ ಹಾಗೆ ನೋಡಿದನು. ಎರಡು ವರ್ಷಗಳ ಮೇಲೆ, ೧೮೭೦ನೆಯ ಡಿಸೆಂಬರ್ ೨೨ರಂದು, ಆಫ್ರಿಕಾದ ಉತ್ತರ ತೀರದಲ್ಲಿ ಮತ್ತೊಂದು ಗ್ರಹಣ. ಆಗ ಪ್ಯಾರಿಸ್ ನಗರವನ್ನು ಜರ್ಮನರ ಸೇನೆ ಸುತ್ತುಗಟ್ಟಿತ್ತು. ಜಾನ್ಸೆನ್ ಯಂತ್ರಗಳನ್ನು ಕಟ್ಟಿಕೊಂಡು ಡಿಸೆಂಬರ್ ೨ರ ಬೆಳಗಿನ ಜಾವ ವಿಮಾನಬುಟ್ಟಿಯಲ್ಲಿ, ಎಂದರೆ ಬೆಲೂನಿನಲ್ಲಿ, ಶತ್ರುಗಳ ತಲೆಯ ಮೇಲೆಯೇ ಹಾರಿ ತಪ್ಪಿಸಿಕೊಂಡು, ಅಲ್ಜೀರಿಯಾದ ಓರಾನ್ ಪಟ್ಟಣವನ್ನು ಸೇರಿದನು. ಗ್ರಹಣದ ದಿನ ಮೋಡ ಕವಿದು ಏನೂ ಕಾಣಲಿಲ್ಲ. ನಮ್ಮ ತಾರೇಗನಾ ಇದರ ಮುಂದೆ ಯಾವ ಲೆಕ್ಕ!

ಮರುವರ್ಷ, ೧೮೭೧ನೆಯ ಡಿಸೆಂಬರ್ ೧೨ರಂದು, ನೆರಳು ದಕ್ಷಿಣ ಭಾರತವನ್ನು ಅಡ್ಡಹಾಯುವುದೆಂದು ಗೊತ್ತಾಗಿತ್ತು. ಇಂಗ್ಲೆಂಡಿನಿಂದ ಬಂದ ಲಾಕಿಯರ್ ಸಾಹೇಬನ ತಂಡ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೇಕಲದ ಕೋಟೆಯಲ್ಲಿ ಬೀಡುಬಿಟ್ಟಿತು. ಕರ್ನಲ್ ಟೆನೆಂಟನ ತಂಡ ದೊಡ್ಡಬೆಟ್ಟದ ನೆತ್ತಿಯನ್ನು ಆರಿಸಿತು. ಜಾನ್ಸೆನ್ ಈ ಸಲ ಅವಸರಪಡಲಿಲ್ಲ. ಮುಂಚೆಯೇ ಬಂದು ಮಲೆಯಾಳದ ತೀರದ ಹವೆಯನ್ನೂ ಬೆಟ್ಟದ ಹವೆಯನ್ನೂ ವಿಚಾರಿಸಿದನು. ನೀಲಗಿರಿಯ ಬೇರೆ ಬೇರೆ ಮಗ್ಗುಲುಗಳನ್ನು ಸುತ್ತಿ, ಬೆಳಗಿನ ಹೊತ್ತು ಎಲ್ಲಿ ಮಂಜು ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ನೋಡಿದನು. ಗ್ರಹಣ ಸೂರ್ಯೋದಯವಾದ ಸ್ವಲ್ಪ ಹೊತ್ತಿಗೇ ಆಗುವುದಾದುದರಿಂದ ಅವನಿಗೆ ಬೇಕಾಗಿದ್ದುದು ಬೆಳಗಿನ ಆಕಾಶ ಮಾತ್ರ. ಕೊನೆಗೆ ಅವನು ನಿಂತುದು ಉದಕಮಂಡಲದ ಉತ್ತರಕ್ಕೆ, ಬಡಗರ ಸೀಮೆಯಲ್ಲಿರುವ ಶೋಲೂರು ಎಂಬ ಹಳ್ಳಿಯಲ್ಲಿ. ಆ ಬೆಳಗು ಆಕಾಶವು ನಿರ್ಮಲವಾಗಿತ್ತು. ಪ್ರಭಾವಳಯದ ಬೆಳಕಿನಲ್ಲಿ ಸೂರ್ಯನ ವರ್ಣಪಟಲದ ಕಪ್ಪುಗೆರೆಗಳನ್ನು ಅವನು ಗುರುತಿಸಿದನು. ಸೂರ್ಯನ ಸುತ್ತಲಿನ ಧೂಳಿನ ಕಣಗಳು ಅವನ ಬೆಳಕನ್ನೇ ಚದರಿಸುವುದರಿಂದ ಆ ಗೆರೆಗಳು ಅಲ್ಲಿ ತೋರುತ್ತವೆಂದು ಈಗ ತಿಳಿದಿದೆ. ಬೆಲೂನಿನ ಸಾಹಸದಿಂದ ಸಿಗದುದು ಕೆಲವು ದಿನ ಬೆಳಗಿನಲ್ಲೆದ್ದು ಮಂಜನ್ನು ನೋಡುತ್ತ ಕುಳಿತುದರಿಂದ ಸಿಕ್ಕಿತು. ನೀಲಗಿರಿಗೆ ಹೋಗುವ ನಮ್ಮವರು ಸಸ್ಯೋದ್ಯಾನವನ್ನೂ ಸರೋವರವನ್ನೂ ನೋಡಿ ಬರುತ್ತಾರೆ. ಶೋಲೂರಿನ ಹೆಸರನ್ನು ಎತ್ತುವವರನ್ನು ನಾವು ಕಂಡಿಲ್ಲ.

ಜಾನ್ಸೆನ್ನನು ಕಾಲ್ನಡಿಗೆಯಿಂದ ಸಂಪಾದಿಸಿದ ತಿಳಿವಳಿಕೆ ಈಗ ಮನೆಯಲ್ಲಿಯೇ ದೊರೆಯುತ್ತದೆ. ಕೃತಕ ಉಪಗ್ರಹಗಳು ಅನೇಕ ವರ್ಷಗಳಿಂದ ತೆಗೆದ ಮೋಡದ ಚಿತ್ರಗಳನ್ನು ಸೇರಿಸಿ, ಯಾವ ತಿಂಗಳಲ್ಲಿ ಯಾವ ಸ್ಥಳದ ಆಕಾಶ ನೂರಕ್ಕೆ ಎಷ್ಟು ಪಾಲು ಮುಚ್ಚಿರುತ್ತದೆಂದು ಲೆಕ್ಕ ಕೊಡುತ್ತಾರೆ. ಕೆನಡಾ ದೇಶದ ಹವಾಮಾನಶಾಸ್ತ್ರಜ್ಞ ಜೇ ಆಂಡರ್ಸನ್ ಪ್ರತಿಯೊಂದು ಗ್ರಹಣದ ದಾರಿಗೂ ಇಂತಹ ವಿವರವನ್ನು ಸಿದ್ಧಪಡಿಸಿದ್ದಾನೆ. ಆದರೂ ಸರಾಸರಿಯ ಅಂಕಿ ಹಳ್ಳಿಯ ಗುಟ್ಟನ್ನೆಲ್ಲ ಹೇಳುವುದಿಲ್ಲ. ಕೆರೆಯ ಬದಿಯಲ್ಲಿ ಚಳಿಗಾಲದ ಬೆಳಗು ಮಂಜು ಕೂರುತ್ತದೆ. ಅರ್ಧ ಮೈಲಿ ದಿಣ್ಣೆಯ ಮೇಲೆ ಇರುವುದಿಲ್ಲ. ಬೆಟ್ಟದ ಗಾಳಿಯೆದುರಿನ ಮಗ್ಗುಲಿಗೆ ಮಧ್ಯಾಹ್ನ ಮೋಡ ಕಟ್ಟುತ್ತದೆ. ಮರೆಯ ಮಗ್ಗುಲಿಗೆ ಕಟ್ಟುವುದಿಲ್ಲ. ಇದನ್ನು ಆ ಊರಿನ ಕುರಿ ಕಾಯುವವನನ್ನು ಕೇಳಿ ತಿಳಿಯಬೇಕು. ಗ್ರಹಣ ಹಿಡಿದಾಗ ಸೂರ್ಯನು ಯಾವ ದಿಕ್ಕಿನಲ್ಲಿ ಎಷ್ಟು ಎತ್ತರದಲ್ಲಿರುತ್ತಾನೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಆ ಕಡೆಗೆ ಮರವಾಗಲಿ ಗುಡ್ಡವಾಗಲಿ ಅಡ್ಡ ಬರುವುದೇ ಎಂದು ಹಿಂದಿನ ದಿನ ಅದೇ ಗಳಿಗೆಯಲ್ಲಿ ನಿಂತು ಪರೀಕ್ಷಿಸಬೇಕು. ಎರಡು ದಿನ ಮುಂಚೆ ಹೋಗಿರಬೇಕೆನ್ನುವುದು ಇದಕ್ಕಾಗಿಯೇ. ಊರಿನಿಂದ ಎರಡು ದಿಕ್ಕಿಗೆ ಒಳ್ಳೆಯ ರಸ್ತೆಯಿರಬೇಕು. ಒಂದು ವಾಹನ ಕಾದುನಿಂತಿರಬೇಕು. ನೀರು, ನೆರಳು, ಹೆಂಗಸರಿಗೂ ವಯಸ್ಸಾದವರಿಗೂ ಶೌಚದ ಅನುಕೂಲ ಇವನ್ನು ವಿಚಾರಿಸದೆ ಹೊರಡುವುದು ವಿಜ್ಞಾನಾಸಕ್ತಿಯಲ್ಲ, ಮೊಂಡುತನ.

ಇನ್ನು ಕಣ್ಣಿನ ವಿಷಯ. ಇದರಲ್ಲಿ ಎಚ್ಚರಿಕೆ ತಪ್ಪಿದರೆ ಪ್ರಯಾಣವೆಲ್ಲ ಅನರ್ಥಕ್ಕೇ ಆದೀತು. ಸೂರ್ಯನ ಚೂರು ಕಾಣುತ್ತಿರುವವರೆಗೂ ಬರಿಗಣ್ಣಿನಿಂದ ನೋಡಕೂಡದು. ಅಕ್ಷಿಪಟಲಕ್ಕೆ ನೋವನ್ನು ತಿಳಿಸುವ ನರಗಳಿಲ್ಲವಾದುದರಿಂದ ಸುಟ್ಟುಹೋದುದು ಆ ಗಳಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಹೊಗೆ ಹಿಡಿಸಿದ ಗಾಜು, ಎಕ್ಸ್-ರೇ ಫಿಲ್ಮು ಇವು ಉಪಯೋಗವಿಲ್ಲ. ನಮ್ಮ ಹಳ್ಳಿಗಳಲ್ಲಿ ಸಗಣಿನೀರನ್ನೋ ಅರಿಸಿನದ ನೀರನ್ನೋ ಪರಾತದಲ್ಲಿಟ್ಟು ಅದರಲ್ಲಿ ಬಿಂಬವನ್ನು ನೋಡುವ ಪದ್ಧತಿಯುಂಟು. ಅದರ ಉದ್ದೇಶ ಒಳ್ಳೆಯದೇ. ಆದರೆ ನೀರು ನೆತ್ತಿಯ ಸೂರ್ಯನ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲನ್ನು ಹಿಂದಿರುಗಿಸುತ್ತದೆ. ಕಣ್ಣಿಗೆ ಕ್ಷೇಮವಾದ ಕನ್ನಡಕವು ಲಕ್ಷಕ್ಕೆ ಮೂರು ಪಾಲಿನಷ್ಟನ್ನು ಮಾತ್ರ ಬಿಡಬೇಕೆಂದು ನಿಯಮ. ಅಂತರ ಎಷ್ಟೆಂಬುದನ್ನು ತಾವೇ ನೋಡಿಕೊಳ್ಳಿರಿ. ಐಎಸ್‌ಓ ೧೨೩೧೨-೨ ಎಂಬ ಗುರುತುಳ್ಳ ಗ್ರಹಣದ ಕನ್ನಡಕ, ಅಥವಾ ಬೆಸುಗೆಹಾಕುವವರ ಹದಿನಾಲ್ಕನೆಯ ನಂಬರಿನ ಗಾಜು ಆಗಬಹುದು. ಇವಾವುವೂ ಇಲ್ಲದವರು ಹಿಟ್ಟಿನ ಜರಡಿಯನ್ನು ಬಿಸಿಲಿಗೆ ಹಿಡಿದರೆ, ಕೆಳಗೆ ಹಾಸಿದ ಬಿಳಿಯ ಪಂಚೆಯ ಮೇಲೆ ತೂತಿಗೊಂದರಂತೆ ನೂರಾರು ಪುಟ್ಟ ಗ್ರಹಣಗಳು ಮೂಡುತ್ತವೆ. ಬೇವಿನ ಮರದ ಕೆಳಗಿನ ಬಿಸಿಲುಚುಕ್ಕೆಗಳೆಲ್ಲ ಅಂದು ಕುಡುಗೋಲಿನಂತೆ ಬಾಗಿರುತ್ತವೆ. ಇದನ್ನು ಮಕ್ಕಳಿಗೆ ತೋರಿಸಬೇಕು.

ನಿಮೀಲನವಾದ ಮೇಲೆ ಮಾತ್ರ ಕನ್ನಡಕವನ್ನು ತೆಗೆಯಬೇಕು. ತೆಗೆಯದೆ ಇದ್ದರೆ ಏನೂ ಕಾಣುವುದಿಲ್ಲ. ಭಯಪಟ್ಟು ಕನ್ನಡಕವನ್ನು ಹಾಕಿಕೊಂಡೇ ಇದ್ದು ಬರಿಯ ಕತ್ತಲನ್ನು ಕಂಡುಬಂದವರೂ ಉಂಟು. ಚಂದ್ರನ ಅಂಚಿನ ಕಣಿವೆಗಳಲ್ಲಿ ಬೆಳಕು ಮಣಿಗಳಂತೆ ಒಡೆದು, ಕೊನೆಯ ಮಣಿ ಉಂಗುರದ ವಜ್ರದಂತೆ ಹೊಳೆದು ಆರಿದಾಗ ಕಣ್ಣಿಗೆ ಸ್ವಾತಂತ್ರ್ಯ. ಎದುರು ಅಂಚಿನಲ್ಲಿ ಮತ್ತೆ ವಜ್ರ ಹೊಳೆದೊಡನೆ ಕನ್ನಡಕ ಕಣ್ಣಿಗೆ ಬರಬೇಕು. ಈ ನಡುವೆ ಛಾಯಾಚಿತ್ರ ತೆಗೆಯುವ ಗೊಡವೆ ಬೇಡವೆಂದು ನಮ್ಮ ಸಲಹೆ. ಚಿತ್ರವನ್ನು ಬೇರೆಯವರು ನಮಗಿಂತ ಚೆನ್ನಾಗಿ ತೆಗೆದಿರುತ್ತಾರೆ.

ಹಳ್ಳಿಯವರೊಡನೆ ನಡೆದುಕೊಳ್ಳುವ ರೀತಿಯೂ ಸಿದ್ಧತೆಯ ಒಂದು ಭಾಗ. ನಾವು ಪಟ್ಟಣದಿಂದ ಹೋದವರು ಅವರ ಉಪವಾಸ, ಸ್ನಾನಗಳನ್ನು ಹಾಸ್ಯಮಾಡುವುದು ಸುಲಭ, ಹೀನವೂ ಹೌದು. ಅವರ ನೆಲದಲ್ಲಿ ನಿಂತು, ಅವರ ನೀರನ್ನು ಕುಡಿದು, ಅವರನ್ನು ಮಾತ್ರ ಬಾಗಿಲೊಳಗೆ ಬಿಟ್ಟು ನಾವು ನೋಡಿಬಂದರೆ ಅದು ಯಾವ ವಿದ್ಯೆ? ಹೋಗುವಾಗ ಇಪ್ಪತ್ತು ಮೂವತ್ತು ಕನ್ನಡಕಗಳನ್ನು ಹೆಚ್ಚಾಗಿ ಕೊಂಡೊಯ್ಯಬೇಕು. ಶಾಲೆಯ ಉಪಾಧ್ಯಾಯರನ್ನು ಹಿಂದಿನ ದಿನವೇ ಕಂಡು ಮಾತನಾಡಬೇಕು. ೧೯೮೦ರಲ್ಲಿ ಯಾರಾದರೊಬ್ಬರು ಅತ್ತೆಯವರ ಕದವನ್ನು ತಟ್ಟಿದ್ದರೆ ನಾವು ಈ ಮಾತುಗಳನ್ನು ಆಡುವ ಪ್ರಸಂಗವೇ ಬರುತ್ತಿರಲಿಲ್ಲ.

ಈಗ ನಮ್ಮ ಮುಂದೆ ಎರಡು ದಾರಿಗಳಿವೆ. ೨೦೩೪ನೆಯ ಮಾರ್ಚ್ ೨೦ರಂದು ನೆರಳು ಆಫ್ರಿಕಾದಿಂದ ಹೊರಟು, ಅರಬ್ಬೀ, ಪಾರಸೀಕ ದೇಶಗಳನ್ನು ದಾಟಿ, ನಮ್ಮ ದೇಶದ ಉತ್ತರದ ತುದಿಯಲ್ಲಿ ಕಾರ್ಗಿಲ್ ಸೀಮೆಯನ್ನು ಮುಟ್ಟುತ್ತದೆ. ಪರದೇಶಕ್ಕೆ ಹೋಗಬೇಕಾಗಿಲ್ಲವೆಂಬುದು ಅದರ ಗುಣ. ಆದರೆ ಮಾರ್ಚಿಯಲ್ಲಿ ಅಲ್ಲಿ ಹಿಮವಿನ್ನೂ ಕರಗಿರುವುದಿಲ್ಲ. ಊರು ಎಂಟೂವರೆ ಸಾವಿರ ಅಡಿಗೂ ಎತ್ತರ. ಶ್ರೀನಗರದಿಂದ ಹೋಗುವ ಜೋಜಿಲಾ ಕಣಿವೆ ಹನ್ನೊಂದು ಸಾವಿರ ಅಡಿಗೂ ಮೇಲು. ಗ್ರಹಣವಾಗುವುದು ಸೂರ್ಯನು ಪಡುವಣಕ್ಕೆ ವಾಲಿದ ಮೇಲೆ, ಸುತ್ತಲೂ ಬೆಟ್ಟಗಳು. ಅತ್ತೆಯವರಿಗೆ ಆಗ ಎಪ್ಪತ್ತಮೂರು ವರ್ಷ. ಜಾನ್ಸೆನ್ನನ ಶಿಷ್ಯರಾದ ನಾವು ಇದನ್ನು ಎರಡನೆಯ ಸ್ಥಾನದಲ್ಲಿಟ್ಟಿದ್ದೇವೆ.

ಮೊದಲನೆಯದು ೨೦೨೭ನೆಯ ಆಗಸ್ಟ್ ೨ರ ಗ್ರಹಣ. ಅದು ಜಿಬ್ರಾಲ್ಟರ್ ಜಲಸಂಧಿಯಿಂದ ಆಫ್ರಿಕಾದ ಉತ್ತರ ಭಾಗವನ್ನೆಲ್ಲ ಹಾಯ್ದು ಈಜಿಪ್ಟಿನ ಲಕ್ಸರ್ ಪಟ್ಟಣದ ಸಮೀಪದಲ್ಲಿ ೬ ನಿಮಿಷ ೨೩ ಸೆಕೆಂಡುಗಳ ಪರಮಾವಧಿಯನ್ನು ಮುಟ್ಟಿ, ಕೆಂಪುಸಮುದ್ರವನ್ನು ದಾಟಿ ಮೆಕ್ಕಾ ನಗರದ ಮೇಲೆ ಹೋಗುತ್ತದೆ. ಜಾನ್ಸೆನ್ನನಿಗೆ ಮೋಡ ಕವಿದ ಓರಾನ್ ಪಟ್ಟಣವೂ ಆ ದಾರಿಯಲ್ಲಿಯೇ ಇದೆಯೆಂಬುದನ್ನು ಕಂಡು ನಮಗೆ ನಗು ಬಂದಿತು. ಆಗಸ್ಟ್ ತಿಂಗಳಲ್ಲಿ ಲಕ್ಸರಿನ ಆಕಾಶದಲ್ಲಿ ಮೋಡವನ್ನು ಹುಡುಕಿದರೂ ಸಿಗುವುದು ಕಷ್ಟ. ಉದ್ದವಾದ ಕಾಲವೂ ಬರಿದಾದ ಆಕಾಶವೂ ಒಂದೇ ಕಡೆ ಕೂಡುವುದು ಅಪರೂಪ, ಇಲ್ಲಿ ಕೂಡಿವೆ. ತೊಂದರೆಯೆಂದರೆ ಸೆಕೆ. ನೆರಳಿನಲ್ಲಿಯೇ ಶತಾಂಶದ ನಲವತ್ತು ಡಿಗ್ರಿ ದಾಟುವುದುಂಟು. ಗ್ರಹಣ ನಡುಹಗಲು ಒಂದು ಗಂಟೆಯ ಸುಮಾರಿಗೆ, ಸೂರ್ಯನು ಬಹುಮಟ್ಟಿಗೆ ನೆತ್ತಿಯ ಮೇಲಿರುವಾಗ. ನಿಂತು ನೋಡಿದರೆ ಕತ್ತು ಹಿಡಿಯುತ್ತದೆ; ಚಾಪೆ ಹಾಸಿಕೊಂಡು ಮಲಗಿಯೇ ನೋಡತಕ್ಕದ್ದು. ಪಟ್ಟಣದ ಹೋಟೆಲುಗಳಿಗೆ ಲೋಕವೆಲ್ಲ ಬಂದು ತುಂಬುವುದರಿಂದ, ನೈಲ್ ನದಿಯ ಪಶ್ಚಿಮ ದಡದಲ್ಲಿ, ಕಬ್ಬಿನ ಗದ್ದೆಗಳ ನಡುವಣ ಯಾವುದಾದರೊಂದು ಹಳ್ಳಿಯನ್ನು ಹುಡುಕುತ್ತಿದ್ದೇವೆ. ನಡುಗೆರೆಯಿಂದ ಮೂವತ್ತು ಮೈಲಿ ಸರಿದಿದ್ದರೂ ಚಿಂತೆಯಿಲ್ಲ. ಆ ದಾರಿಯ ಅಗಲ ಸುಮಾರು ನೂರಅರವತ್ತು ಮೈಲಿ.

ಅತ್ತೆಯವರು ಪಾಸ್‌ಪೋರ್ಟಿಗೆಂದು ಭಾವಚಿತ್ರವನ್ನು ತೆಗೆಸಿಕೊಂಡಿದ್ದಾರೆ. ಅವರದು ಒಂದೇ ಷರತ್ತು: ಮೋಕ್ಷವಾದ ಮೇಲೆ ಸ್ನಾನಕ್ಕೆ ನೀರಿರುವ ಊರಾಗಬೇಕು. ನೈಲ್ ನದಿಯಿದೆಯೆಂದು ಹೇಳಿದಾಗ ಸಂತೋಷಪಟ್ಟರು. ಆ ನದಿಯ ಅಂಚಿನ ನೀರಿನಲ್ಲಿ ಚರ್ಮವನ್ನು ಕೊರೆದು ಒಳಹೊಗುವ ಶಿಸ್ಟೊಸೋಮವೆಂಬ ಹುಳುವಿನ ಭಯವುಂಟು, ಇಳಿಯಕೂಡದು ಎಂದು ನಾವು ಮತ್ತೆ ತಿಳಿಸಬೇಕಾಯಿತು. ಅವರು ಸ್ವಲ್ಪ ಯೋಚಿಸಿ, “ಹಂಗಾದ್ರ ಒಂದು ಕೊಡಾ ನಲ್ಲಿ ನೀರು ಸಾಕು, ಮೋಡ ಒಂದು ಬರಬಾರ್ದು ನೋಡಪಾ” ಎಂದರು.